‘ಗೊತ್ತಿರೋರೇ ಮಾಡಿರೋದು’ ಎಂದ ನನ್ನ ಮಾತಿನ ಬಗ್ಗೆ

ಗುಂಡ್ಲುಪೇಟೆ ಪೊಲೀಸ್ ಠಾಣೆ
ದಿನಾಂಕ: 04-10-2025, ಶನಿವಾರ, ಬೆಳಿಗ್ಗೆ 10-40 ಗಂಟೆ

ನನ್ನ ಹೆಸರು ಶಿವರಂಜಿನಿ, ತಂದೆಯ ಹೆಸರು ಮರಿಮಲ್ಲಪ್ಪ, ವಯಸ್ಸು 31 ವರ್ಷ. ಹೊಂಬೆಳಕು ಕಣ್ಣಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ. ವಾಸ ರಾಮಸಮುದ್ರ, ಚಾಮರಾಜನಗರ ಟೌನ್. ಯಾರ ಬಲವಂತವೂ ಇಲ್ಲದೆ ಠಾಣಾಧಿಕಾರಿಗಳಾದ ತಮ್ಮ ಮುಂದೆ ಹಾಜರಾಗಿ ಹೇಳಿ ಬರೆಸುತ್ತಿರುವುದು ಏನೆಂದರೆ:

ನಮ್ಮ ಆಸ್ಪತ್ರೆಯ ಮುಖ್ಯ ಕಟ್ಟಡ ಚಾಮರಾಜನಗರದಲ್ಲಿದೆ. ಗುಂಡ್ಲುಪೇಟೆಯಲ್ಲಿ ಒಂದು ಶಾಖೆ, ತೆರಕಣಾಂಬಿಯಲ್ಲಿ ಒಂದು ಸಣ್ಣ ಕಣ್ಣಿನ ತಪಾಸಣಾ ಕೇಂದ್ರ ಇವೆ. ಈ ಎರಡೂ ಕಡೆ ರೋಗಿಗಳ ಕಣ್ಣಿನ ಫೋಟೋ ತೆಗೆದು ಇಂಟರ್ನೆಟ್ ಮೂಲಕ ಚಾಮರಾಜನಗರದ ಡಾಕ್ಟರಿಗೆ ಕಳುಹಿಸುತ್ತಾರೆ. ಡಾಕ್ಟರು ನೋಡಿ ಉತ್ತರ ಕೊಟ್ಟ ಮೇಲೆಯೇ ಔಷಧಿ. ಗುಂಡ್ಲುಪೇಟೆ ಶಾಖೆಯ ಹಿಂಬದಿಯ ಕೋಣೆಯಲ್ಲಿ ಫೈರ್‌ವಾಲ್ ಎಂಬ ಪೆಟ್ಟಿಗೆ ಇದೆ. ಬರೆದುಕೊಳ್ಳುತ್ತಿರುವ ಮುಖ್ಯಪೇದೆ ಮರಿಯಪ್ಪನವರು ಹಾಗೆಂದರೇನು ಎಂದು ಕೇಳಿದ್ದರಿಂದ ಹೇಳುತ್ತೇನೆ. ಅದು ಆಸ್ಪತ್ರೆಯ ಕಂಪ್ಯೂಟರುಗಳಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ಬಾಗಿಲು ಕಾಯುವ ಯಂತ್ರ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪಟ್ಟಿ ಅದರೊಳಗೆ ಇರುತ್ತದೆ. ಪಟ್ಟಿ ಅಳಿಸಿಹೋದರೆ ಅದಕ್ಕೆ ನೆಂಟರೂ ಗೊತ್ತಾಗುವುದಿಲ್ಲ, ಕಳ್ಳರೂ ಗೊತ್ತಾಗುವುದಿಲ್ಲ. ಎಲ್ಲರನ್ನೂ ಹೊರಗೇ ನಿಲ್ಲಿಸುತ್ತದೆ.

ಈ ಪೆಟ್ಟಿಗೆಯನ್ನು ನಾಲ್ಕು ವರ್ಷದ ಹಿಂದೆ ಕೂರಿಸಿದವರು ಸುಧಾಕರ್, 27 ವರ್ಷ, ಭೀಮನಬೀಡು ಗ್ರಾಮ. ಗುಂಡ್ಲುಪೇಟೆ ಶಾಖೆಯಲ್ಲಿ ಟೆಕ್ನಿಷಿಯನ್ ಆಗಿದ್ದರು. ಇದೇ ಆಗಸ್ಟ್ 30ರಂದು ಶಾಖೆಯ ಮ್ಯಾನೇಜರ್ ರಂಗರಾಜು ಅವರು ರೋಗಿಗಳ ಎದುರಿಗೇ ಬೈದರೆಂದು ಸುಧಾಕರ್ ಕೆಲಸ ಬಿಟ್ಟರು. ಬಿಡುವಾಗ, ನಾನಿಲ್ಲದೆ ಈ ಡಬ್ಬ ಹೇಗೆ ನಡೆಸುತ್ತೀರೋ ನೋಡುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋಗಿದ್ದರು. ಸಿಟ್ಟಿನಲ್ಲಿ ಆಡಿದ ಮಾತು. ಅವರ ತಾಯಿ ಮೂಗಮ್ಮ, ಸುಮಾರು 54 ವರ್ಷ, ಅದೇ ಶಾಖೆಯಲ್ಲಿ ಗುಡಿಸಿ ಸಾರಿಸುವ ಕೆಲಸ ಮಾಡುತ್ತಾರೆ. ಮಗ ಬಿಟ್ಟರೂ ಅವರು ಬಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಮೂಗಮ್ಮಕ್ಕ ಎನ್ನುತ್ತೇವೆ.

ಸುಧಾಕರ್ ಹೋದ ದಿನವೇ ನಾನು ಪೆಟ್ಟಿಗೆಯ ಪಾಸ್‌ವರ್ಡ್ ಬದಲಾಯಿಸಬೇಕಿತ್ತು. ಇಂದು ಮಾಡೋಣ, ನಾಳೆ ಮಾಡೋಣ ಎಂದು ಒಂದು ತಿಂಗಳು ತಳ್ಳಿರುತ್ತೇನೆ. ಈ ವಿಷಯವನ್ನು ಇಲ್ಲಿಯವರೆಗೆ ಮ್ಯಾನೇಜರಿಗೆ ಹೇಳಿರುವುದಿಲ್ಲ. ಈಗ ಬರೆಸುತ್ತಿದ್ದೇನೆ.

ದಿನಾಂಕ 01-10-2025 ಬುಧವಾರ ಆಯುಧಪೂಜೆ. ಬೆಳಿಗ್ಗೆ 11-05 ಗಂಟೆಗೆ ನಾನು ಚಾಮರಾಜನಗರದಲ್ಲಿ ಕುಂಬಳಕಾಯಿ ಒಡೆಯುವ ಜಾಗದಲ್ಲಿದ್ದಾಗ ಗುಂಡ್ಲುಪೇಟೆ ಶಾಖೆಯ ರಿಸೆಪ್ಷನಿಸ್ಟ್ ಭವ್ಯ ಫೋನ್ ಮಾಡಿ, ನೆಟ್ ಹೋಗಿದೆ, ಫೋಟೋ ಹೋಗುತ್ತಿಲ್ಲ, ಹಬ್ಬವೆಂದು ಬೇಗ ಬಂದಿದ್ದ ರೋಗಿಗಳು ಕಾಯುತ್ತಿದ್ದಾರೆ ಎಂದು ತಿಳಿಸಿದರು. ನಮ್ಮ ಕಡೆಯ ಯಂತ್ರದಲ್ಲಿ ನೋಡಿದಾಗ ಎರಡೂ ಊರಿನ ನಡುವಿನ ಸಂಪರ್ಕ 10-52ಕ್ಕೆ ಕಡಿದಿತ್ತು. ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿದೆ. ಅವರು ತಮ್ಮ ಲೈನ್ ಸರಿಯಾಗಿದೆ ಎಂದರು. ಅವರು ಯಾವಾಗಲೂ ಹಾಗೇ ಹೇಳುತ್ತಾರೆ, ಆದರೆ ಈ ಸಲ ಅದು ನಿಜವಾಗಿತ್ತು.

12-10ರ ಬಸ್ಸಿನಲ್ಲಿ ತೆರಕಣಾಂಬಿ ಮೇಲೆ ಹೊರಟು 1-30ಕ್ಕೆ ಶಾಖೆ ತಲುಪಿದೆ. ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಜೋಡಿಸಿ ನೋಡಿದೆ. ಒಳಗಿನ ಕಂಪ್ಯೂಟರುಗಳು ಪೆಟ್ಟಿಗೆಯವರೆಗೆ ಹೋಗುತ್ತಿದ್ದವು, ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯೂ ಇಲ್ಲ. ನಮ್ಮ ಪಾಸ್‌ವರ್ಡ್ ಹಾಕಿದೆ, ಒಪ್ಪಲಿಲ್ಲ. ಮೂರು ಸಲ ಹಾಕಿದೆ. ಕೊನೆಗೆ ಕಂಪನಿಯಿಂದ ಬಂದಾಗ ಇದ್ದ ಹಳೆಯ ಪಾಸ್‌ವರ್ಡ್ ಹಾಕಿದಾಗ ತೆರೆಯಿತು. ಒಳಗೆ ಏನೂ ಇರಲಿಲ್ಲ. ನಾಲ್ಕು ವರ್ಷದ ಪಟ್ಟಿ ಪೂರ್ತಿ ಅಳಿಸಿಹೋಗಿತ್ತು. ಯಾರು ಬಂದರು, ಯಾವಾಗ ಬಂದರು ಎಂಬ ದಾಖಲೆಯೂ ಅದರ ಜೊತೆಗೇ ಹೋಗಿತ್ತು.

ಮ್ಯಾನೇಜರ್ ರಂಗರಾಜು ಅವರು ಬಾಗಿಲಲ್ಲಿ ನಿಂತು ಏನಾಗಿದೆ ಎಂದು ಕೇಳಿದರು. ಆಗ ಸಮಯ 1-55. ನಾನು ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: “ಇದು ತಾನಾಗಿ ಆಗೋದಲ್ಲ ಸಾರ್. ಗೊತ್ತಿರೋರೇ ಮಾಡಿರೋದು.” ಪಾಸ್‌ವರ್ಡ್ ಯಾರಿಗೆ ಗೊತ್ತು ಎಂದು ಅವರು ಕೇಳಿದರು. ನನಗೆ ಮತ್ತು ಸುಧಾಕರ್ ಅವರಿಗೆ ಎಂದೆ. ಹಸಿವಾಗಿತ್ತು, ಹಬ್ಬದ ದಿನ ಬಸ್ಸಿನಲ್ಲಿ ನಿಂತು ಬಂದಿದ್ದೆ, ಬಾಯಿಗೆ ಬಂದದ್ದನ್ನು ಆಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು.

ಕೋಣೆಯ ಬೀರುವಿನಲ್ಲಿ ಸುಧಾಕರ್ ಬಿಟ್ಟುಹೋಗಿದ್ದ ಉದ್ದನೆಯ ನೋಟ್‌ಬುಕ್ ಸಿಕ್ಕಿತು. ಪಟ್ಟಿಯಲ್ಲಿದ್ದ 41 ನಿಯಮಗಳನ್ನೂ ಅವರು ಕೈಯಲ್ಲಿ ಬರೆದು, ಪ್ರತಿಯೊಂದರ ಪಕ್ಕದಲ್ಲಿ ಅದು ಯಾಕೆ ಎಂದು ಕನ್ನಡದಲ್ಲಿ ಗುರುತು ಹಾಕಿದ್ದರು. 17ನೆಯದರ ಪಕ್ಕದಲ್ಲಿ, ‘ಇದನ್ನು ಅಳಿಸಬೇಡಿ, ತೆರಕಣಾಂಬಿ ಅಜ್ಜ ಅಜ್ಜಿಯರ ಫೋಟೋ ಇದರಲ್ಲೇ ಬರುವುದು’ ಎಂದಿತ್ತು. ಕೆಡಿಸುವವನು ಹೀಗೆ ಬರೆದಿಟ್ಟು ಹೋಗುತ್ತಾನೆಯೇ ಎಂದು ಆಗಲೇ ಒಂದು ಸಲ ಅನ್ನಿಸಿತು. ಅನ್ನಿಸಿದ್ದನ್ನು ಯಾರಿಗೂ ಹೇಳಲಿಲ್ಲ. 41 ನಿಯಮಗಳನ್ನೂ ಒಂದೊಂದಾಗಿ ಟೈಪ್ ಮಾಡಿ, ಪಾಸ್‌ವರ್ಡನ್ನೂ ಬದಲಾಯಿಸಿ 5-40ಕ್ಕೆ ಸಂಪರ್ಕ ಸರಿಮಾಡಿದೆ. ಒಂದು ಸಲ ಆಫ್ ಮಾಡಿ ಆನ್ ಮಾಡಿ ನೋಡುವುದು ನಮ್ಮ ಕೆಲಸದ ಪದ್ಧತಿ. 5-50ರ ಬಸ್ಸು ತಪ್ಪುತ್ತದೆಂದು ಹಾಗೆ ಮಾಡಿ ನೋಡದೆಯೇ ಹೊರಟೆ.

ದಿನಾಂಕ 02-10-2025 ರಜೆ.

ದಿನಾಂಕ 03-10-2025 ಶುಕ್ರವಾರ ಬೆಳಿಗ್ಗೆ 8-50ರಿಂದ 9-02ರವರೆಗೆ ಶಾಖೆಯಲ್ಲಿ ಕರೆಂಟ್ ಹೋಗಿತ್ತು. ಆ ಕೋಣೆಯ ಯುಪಿಎಸ್ ಬ್ಯಾಟರಿ ದಸರಾಕ್ಕೆ ಮುಂಚೆಯೇ ಕೈಕೊಟ್ಟಿತ್ತು. 9-15ಕ್ಕೆ ಭವ್ಯ ಫೋನ್ ಮಾಡಿ ಮತ್ತೆ ನೆಟ್ ಇಲ್ಲ ಎಂದರು. 10-50ಕ್ಕೆ ನಾನು ತಲುಪಿ ನೋಡಿದಾಗ ಪೆಟ್ಟಿಗೆ ಮತ್ತೆ ಖಾಲಿ. ರಂಗರಾಜು ಅವರು, “ನೋಡಿದ್ರಾ, ಮತ್ತೆ ಕೈ ಆಡಿಸಿದ್ದಾನೆ” ಎಂದು ಹೇಳಿ 11-30ಕ್ಕೆ ತಮ್ಮ ಠಾಣೆಗೆ ಬಂದು ಸುಧಾಕರ್ ಮೇಲೆ ಅರ್ಜಿ ಕೊಟ್ಟಿರುತ್ತಾರೆ. ಅರ್ಜಿಯಲ್ಲಿ ನನ್ನ ಹೆಸರು ಹೇಳಿ, ನಮ್ಮ ನೆಟ್‌ವರ್ಕ್ ನೋಡಿಕೊಳ್ಳುವವರೇ ದೃಢಪಡಿಸಿದ್ದಾರೆ ಎಂದು ಬರೆದಿರುವುದನ್ನು ನಿನ್ನೆ ಸಂಜೆ ತಾವು ತೋರಿಸಿದಾಗ ಓದಿದೆ. ನಾನು ದೃಢಪಡಿಸಿರಲಿಲ್ಲ. ಆದರೆ ಅವರು ಬೇರೆಯವರ ಬಾಯಿಂದ ಕೇಳಿ ಬರೆದದ್ದೂ ಅಲ್ಲ.

1-00 ಗಂಟೆಗೆ ಸುಧಾಕರ್ ಅವರನ್ನು ಭೀಮನಬೀಡಿನಿಂದ ಠಾಣೆಗೆ ಕರೆಸಿದ ಸುದ್ದಿ ಬಂತು. ಅವರ ಹೆಸರು ಒಂದು ಸರ್ಕಾರಿ ಕೆಲಸದ ಆಯ್ಕೆ ಪಟ್ಟಿಯಲ್ಲಿ ಬಂದಿದೆ, ದಿನಾಂಕ 06-10-2025 ಸೋಮವಾರ ಬೆಳಿಗ್ಗೆ 10-00 ಗಂಟೆಗೆ ಚಾಮರಾಜನಗರದಲ್ಲಿ ದಾಖಲೆ ನೋಡುತ್ತಾರೆ, ಪೊಲೀಸ್ ಕೇಸು ಇದ್ದರೆ ಹೆಸರು ತೆಗೆಯುತ್ತಾರೆ ಎಂಬುದನ್ನು ಭವ್ಯ ಆಗ ನನಗೆ ಹೇಳಿದರು. ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಮೂಗಮ್ಮಕ್ಕನಿಗೆ ನಾಳೆಯಿಂದ ಬರಬೇಡಿ ಎಂದು ಮ್ಯಾನೇಜರ್ ಹೇಳಿದ್ದು ಸಹ ಅದೇ ಹೊತ್ತಿಗೆ. ಆಕೆ ಹಜಾರ ಸಾರಿಸಿದರು. ಸಾರಿಸಿದ ಜಾಗವನ್ನೇ ಮತ್ತೆ ಸಾರಿಸಿದರು. 1-30ಕ್ಕೆ ನನ್ನ ಮೇಜಿನ ಮೇಲೆ ಟೀ ತಂದಿಟ್ಟು, “ಉಂಡ್ಕಂಡ್ ಮಾಡವ್ವ ಕೆಲ್ಸವ” ಎಂದು ಹೇಳಿ ಹೋದರು. ಮಗನನ್ನು ಯಾಕೆ ಹಿಡಿದಿದ್ದಾರೆ ಎಂದು ಕೇಳಲಿಲ್ಲ. ಆ ಟೀ ಕುಡಿಯುವ ಮುಖ ನನಗಿರಲಿಲ್ಲ. ಅದು ಅಲ್ಲೇ ಆರಿಹೋಯಿತು.

3-10ಕ್ಕೆ 41 ನಿಯಮಗಳನ್ನು ಎರಡನೆಯ ಸಲ ಟೈಪ್ ಮಾಡಿ ಮುಗಿಸಿದೆ. ಈ ಸಲ ಪದ್ಧತಿಯಂತೆ ಆಫ್ ಮಾಡಿ ಆನ್ ಮಾಡಿದೆ. ಎರಡು ನಿಮಿಷಕ್ಕೆ ಪೆಟ್ಟಿಗೆ ಎದ್ದಿತು, ಮತ್ತೆ ಖಾಲಿ. ಮೊದಲು ಬಂದದ್ದು ಸಿಟ್ಟು. ಮೂರು ಗಂಟೆಯ ಕೆಲಸ ಹೋಗಿತ್ತು. ಆಮೇಲೆ ಒಂದು ವಿಷಯ ಹೊಳೆಯಿತು. ಆ ಹೊತ್ತಿನಲ್ಲಿ ಸುಧಾಕರ್ ಎರಡು ಗಂಟೆಗೂ ಹೆಚ್ಚು ಕಾಲದಿಂದ ತಮ್ಮ ಠಾಣೆಯ ಬೆಂಚಿನ ಮೇಲೆ ಕೂತಿದ್ದರು, ಅವರ ಫೋನು ಮರಿಯಪ್ಪನವರ ಮೇಜಿನ ಡ್ರಾಯರಿನಲ್ಲಿದೆ ಎಂದೂ ಭವ್ಯ ಹೇಳಿದ್ದರು. ಇದನ್ನು ಮ್ಯಾನೇಜರಿಗೆ ಹೇಳಿದೆ. ಅವರು, ಜೊತೆಗಾರರು ಇರುತ್ತಾರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಅವನು ಎಂದರು.

3-20ಕ್ಕೆ ಹೊರಗಿನ ಇಂಟರ್ನೆಟ್ ಕೇಬಲನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ಈಗ ಹೊರಗಿನಿಂದ ಯಾರೂ ಬರುವಂತಿಲ್ಲ. ಒಂದೇ ಒಂದು ನಿಯಮ ಟೈಪ್ ಮಾಡಿ ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿದೆ. ಖಾಲಿ. ಒಳಗಿನ ಕಂಪ್ಯೂಟರುಗಳ ಕೇಬಲುಗಳನ್ನೂ ಒಂದೊಂದಾಗಿ ಕಿತ್ತೆ, ನನ್ನ ಲ್ಯಾಪ್‌ಟಾಪ್ ಒಂದೇ ಉಳಿಯಿತು. ಮತ್ತೆ ಮಾಡಿದೆ, ಮತ್ತೆ ಖಾಲಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಗಿತ್ತು ನನ್ನ ಕಥೆ. ಅಳಿಸುತ್ತಿದ್ದುದು ಹೊರಗಿನವರೂ ಅಲ್ಲ, ಒಳಗಿನ ಕಂಪ್ಯೂಟರೂ ಅಲ್ಲ. ಆ ಪೆಟ್ಟಿಗೆಯ ಮೈಯಲ್ಲೇ ಏನೋ ಇತ್ತು.

ಪೆಟ್ಟಿಗೆಯನ್ನು ನೆಲದಿಂದ ಆರೂವರೆ ಅಡಿ ಎತ್ತರದಲ್ಲಿ ಗೋಡೆಗೆ ನಿಲುವಾಗಿ ತಿರುಪು ಹಾಕಿ ಕೂರಿಸಲಾಗಿದೆ. ನನ್ನ ಎತ್ತರ ಐದಡಿ ಒಂದಿಂಚು. ಅಲ್ಲಿಯವರೆಗೆ ನಾನು ಅದರ ನೆತ್ತಿ ನೋಡಿರಲಿಲ್ಲ. 3-40ಕ್ಕೆ ಸ್ಟೂಲ್ ಹತ್ತಿದೆ. ನೆತ್ತಿಯ ಮೇಲೆ ಕುಂಕುಮದ ಬೊಟ್ಟು, ಬಾಡಿದ ಒಂದು ಎಸಳು ಚೆಂಡು ಹೂವು ಇದ್ದವು. ಬುಧವಾರ ಆಸ್ಪತ್ರೆಯಲ್ಲಿ ಜೆರಾಕ್ಸ್ ಮಿಷನ್ನಿನಿಂದ ಹಿಡಿದು ಫ್ಯಾನಿನ ಸ್ವಿಚ್ಚಿನವರೆಗೆ ಎಲ್ಲಕ್ಕೂ ಕುಂಕುಮ ಇಟ್ಟಿದ್ದರಿಂದ ಅದು ವಿಶೇಷ ಎನಿಸಲಿಲ್ಲ. ಬಲಮೂಲೆಯಲ್ಲಿ ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡ ಕಂಡಿ ಇದೆ. ಅದರೊಳಗೆ ಒಂದು ಸಣ್ಣ ಗುಂಡಿ. ಆ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಪೆಟ್ಟಿಗೆ ಎಲ್ಲವನ್ನೂ ಮರೆತು ಹೊಸದಾಗಿ ಬಂದಂತಾಗುತ್ತದೆ. ಒತ್ತಿಕೊಂಡೇ ಇದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ಮರೆಯುತ್ತದೆ. ಕಂಡಿಯೊಳಗೆ ಏನೋ ಕಚ್ಚಿಕೊಂಡಿತ್ತು. ಭವ್ಯ ಅವರ ವೇಲಿನ ಪಿನ್ನು ತೆಗೆದುಕೊಂಡು ಹೊರಗೆ ಎತ್ತಿದೆ. ಗುಲಾಬಿ ಬಣ್ಣ ಹಚ್ಚಿದ ಬಿದಿರಿನ ಚೂರು, ಉದ್ದ 9 ಮಿಲಿಮೀಟರ್. ಮೂಸಿ ನೋಡಿದಾಗ ಗಂಧದಕಡ್ಡಿಯ ವಾಸನೆ ಇತ್ತು. ಆ ಚೂರನ್ನು ಆಸ್ಪತ್ರೆಯ ಔಷಧಿ ಕವರಿನಲ್ಲಿ ಹಾಕಿ ಈ ಹೇಳಿಕೆಯ ಜೊತೆ ಹಾಜರುಪಡಿಸಿರುತ್ತೇನೆ. ಚೂರು ತೆಗೆದ ಮೇಲೆ ಮೂರು ಸಲ ಆಫ್ ಆನ್ ಮಾಡಿದೆ. ನಿಯಮ ಮೂರು ಸಲವೂ ಉಳಿಯಿತು.

4-05ಕ್ಕೆ ಮೂಗಮ್ಮಕ್ಕನನ್ನು ಕರೆದು, ಹಬ್ಬದ ದಿನ ಇದಕ್ಕೆ ಪೂಜೆ ಮಾಡಿದವರು ಯಾರು ಎಂದು ಕೇಳಿದೆ. ಅವರು ಸಂತೋಷದಿಂದಲೇ ಹೇಳಿದರು. ಹೇಳಿದ್ದನ್ನು ಅವರ ಮಾತಿನಲ್ಲೇ ಕೊಡುತ್ತೇನೆ:

“ನಾನೇ ಕಣವ್ವ. ವರ್ಸ ವರ್ಸ ನನ್ ಮಗನೇ ಮಾಡನು. ಈ ಸಲಿ ಅವ ಇಲ್ವಲ್ಲ, ಎಲ್ಲಾರು ಫೋಟೋ ತಗಿಯ ಮಿಷನ್ಗೆ, ಕಾರ್ಗೆ ಮಾಡ್ಬುಟ್ಟು ಸಿಹಿ ತಿನ್ಕಂಡ್ ಕೂತ್ಕಂಡ್ರು. ಇದ್ರ ತಾವ್ಕೆ ಯಾರೂ ಬರ್ನಿಲ್ಲ. ನನ್ ಮಗ ಕೂರ್ಸಿದ್ ಮಿಷನ್ನು, ಬರಿ ಅಣೇಲಿ ಇರ್ಬಾರ್ದು ಅಂತ ಸ್ಟೂಲ್ ಹತ್ತಿ ಕುಂಕ್ಮ ಇಟ್ಟಿ. ಬಾಳೆಹಣ್ಣು ಮಡಗಿ ಅದುಕ್ಕೆ ಕಡ್ಡಿ ಸಿಗ್ಸನ ಅನ್ಕಂಡೆ. ಆದ್ರ ಅಣ್ಣು ಮಡಗುದ್ರ ಇರ್ವೆ ಹತ್ತಿ ಮಿಷನ್ ಒಳಕ್ ಓಯ್ತವೆ ಅಂತ ಓದ್ ವರ್ಸ ನನ್ ಮಗ ಬೈದಿದ್ದ. ಅದ್ಕೆ ಬುಟ್ಟೆ. ನೋಡುದ್ರ ನೆತ್ತಿ ಮೇಲೆ ಕಂಡಿ ಅದೆ. ಕಡ್ಡಿ ಸಿಗ್ಸಕೇ ಮಾಡವ್ರೆ ಅನ್ಕಂಡು ಸಿಗ್ಸ್ದಿ. ಅಲ್ಲಾಡ್ತಿತ್ತು, ಒಸಿ ಅದುಮ್ದಿ. ಸೋಮ್ವಾರ ನನ್ ಮಗನ ಪೇಪರ್ ನೋಡ್ತರೆ, ಒಳ್ಳೇದ್ ಮಾಡಪ್ಪ ಅಂತ ಕೈ ಮುಗುದ್ನಿ. ಆಮೇಲೆ ಬೂದಿ ಒರ್ಸಿ ಮೋಟ್ ಕಿತ್ತಾಕ್ದಿ. ಯಾಕವ್ವ, ತೆಪ್ಪಾಯ್ತಾ?”

ಹೇಳಲೇಬೇಕಿತ್ತು. ಅವರು ಕಿತ್ತಾಗ ಕಡ್ಡಿಯ ತುದಿ ಒಳಗೇ ಮುರಿದು ಉಳಿದಿರುವುದನ್ನು, ಅದರಿಂದ ಪಟ್ಟಿ ಅಳಿಸಿದ್ದನ್ನು, ಅದಕ್ಕಾಗಿಯೇ ಸುಧಾಕರ್ ಠಾಣೆಯಲ್ಲಿ ಕೂತಿರುವುದನ್ನು ಹೇಳಿದೆ. ಮೂಗಮ್ಮಕ್ಕ, ನನ್ನ ಕೈಯಾರ ನನ್ನ ಮಗನಿಗೆ ಹೀಗೆ ಮಾಡಿದೆನಲ್ಲ ಎಂದು ಎರಡು ಸಲ ಅಂದರು. ಕೆಲಸದ ಬಕೆಟ್ಟನ್ನು ಮೂಲೆಗೆ ಇಟ್ಟು, ಸೆರಗು ಸರಿಮಾಡಿಕೊಂಡು, ಟೇಸನ್ನಿಗೆ ಹೋಗೋಣ ನಡೆ ಎಂದರು.

ಶಾಖೆಯಿಂದ ಠಾಣೆಗೆ ಸುಮಾರು 500 ಮೀಟರ್. 4-50ಕ್ಕೆ ತಲುಪಿದೆವು. ಅಲ್ಲಿಯವರೆಗೆ ನಾಲ್ಕು ಗಂಟೆ ಕಾಲ ಸುಧಾಕರ್ ತಾನು ಏನೂ ಮಾಡಿಲ್ಲ, ಬುಧವಾರ ಬೆಳಿಗ್ಗೆಯಿಂದ ಸಂಜೆವರೆಗೆ ಚಂದಕವಾಡಿಯ ಅಕ್ಕನ ಮನೆಯಲ್ಲಿದ್ದೆ ಎಂದೇ ಹೇಳುತ್ತಿದ್ದರೆಂದು ಮರಿಯಪ್ಪನವರು ತಿಳಿಸಿದರು. ನಾನು ತಮ್ಮ ಮುಂದೆ ಔಷಧಿ ಕವರನ್ನು ಇಟ್ಟು, ಕಂಡಿಯೊಳಗೆ ಗಂಧದಕಡ್ಡಿ ಮುರಿದಿತ್ತು ಸಾರ್ ಎಂದೆ. ಸುಧಾಕರ್ ಕವರನ್ನು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ನೋಡಿದರು. ನೋಡಿ ಐದು ಸೆಕೆಂಡು ಆಗಿರಲಿಲ್ಲ, ಎದ್ದು ನಿಂತು, “ನಾನೇ ಸಾರ್ ಮಾಡಿದ್ದು, ಬರ್ಕೊಳಿ” ಎಂದರು.

ಮೂಗಮ್ಮಕ್ಕ ಒಳಗೆ ಬಂದು ಮಗನ ಬೆನ್ನಿಗೆ ಒಂದು ಏಟು ಹಾಕಿ, “ಸುಳ್ ಯಾಕ್ಲಾ ಬೊಗುಳ್ತೀಯೆ, ನೀ ಎಲ್ಲಿದ್ದೆ ಆವತ್ತು? ನಾನೇ ಕಣ್ ಸಾಮಿ, ನನ್ನೇ ಕೂರ್ಸ್ಕಳಿ, ಇವುನ್ನ ಬುಟ್ಬುಡಿ” ಎಂದರು. ಸುಧಾಕರ್, “ನೀ ಸುಮ್ಕಿರವ್ವ, ನಿಂಗೇನ್ ಗೊತ್ತಾದ್ದು” ಎಂದು ಗದರಿದರು. ಇಬ್ಬರೂ ನಾನು ನಾನು ಎನ್ನುತ್ತಿದ್ದರು. ತಪ್ಪು ಒಪ್ಪಿಕೊಳ್ಳಲು ಇಷ್ಟು ಪೈಪೋಟಿ ಈ ಠಾಣೆಯಲ್ಲಿ ನೋಡಿಲ್ಲ ಎಂದು ಮರಿಯಪ್ಪನವರು ಅಂದದ್ದು ನನಗೆ ಕೇಳಿಸಿತು. ಅದುವರೆಗೆ ತಡೆದುಕೊಂಡಿದ್ದ ನನಗೆ ಅಲ್ಲಿ ಅಳು ಬಂತು. ತಾವು ನೀರು ಕೊಡಿಸಿ, ಇಬ್ಬರಲ್ಲಿ ಯಾರು ಎಂದು ನನ್ನನ್ನೇ ಕೇಳಿದಿರಿ. ಅದಕ್ಕೆ ಉತ್ತರವಾಗಿ ಈ ಹೇಳಿಕೆ.

ಸಂಜೆ 7-00 ಗಂಟೆಗೆ ತಾವು ಇಬ್ಬರನ್ನೂ ಮನೆಗೆ ಕಳುಹಿಸಿ, ಎಫ್‌ಐಆರ್ ಇನ್ನೂ ಮಾಡಿಲ್ಲ, ನನ್ನ ಹೇಳಿಕೆ ನೋಡಿ ತೀರ್ಮಾನಿಸುತ್ತೇನೆ ಎಂದಿರಿ. ನಾನು ಶಾಖೆಗೆ ಮರಳಿ, ಕಿತ್ತ ಕೇಬಲುಗಳನ್ನು ಜೋಡಿಸಿ, 41 ನಿಯಮಗಳನ್ನೂ ಮೂರನೆಯ ಸಲ ಟೈಪ್ ಮಾಡಿ, ರಾತ್ರಿ ಭವ್ಯ ಅವರ ಮನೆಯಲ್ಲಿ ಉಳಿದೆ.

ಇಂದು ಬೆಳಿಗ್ಗೆ 8-30ಕ್ಕೆ ಠಾಣೆಗೆ ಬರುವ ಮುಂಚೆ ಶಾಖೆಗೆ ಹೋದೆ. ಸಂಪರ್ಕ ಸರಿಯಾಗಿತ್ತು. ತೆರಕಣಾಂಬಿಯಿಂದ ಮೊದಲನೆಯ ಫೋಟೋ 8-41ಕ್ಕೆ ದಾಟಿಹೋಯಿತು. ಬರಬೇಡಿ ಎಂದಿದ್ದರೂ ಮೂಗಮ್ಮಕ್ಕ ಬಂದಿದ್ದರು. ಮ್ಯಾನೇಜರ್ ರಂಗರಾಜು ಅವರು ಅವರನ್ನು ನೋಡಿ, ತಿಂಡಿ ಆಯಿತೇ ಎಂದು ಮಾತ್ರ ಕೇಳಿದರು. ನನಗೆ, ನೀವು ಬರೆದುಕೊಟ್ಟರೆ ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಹೇಳಿರುತ್ತಾರೆ. ಅವರು ಕೆಟ್ಟವರಲ್ಲ. ನನ್ನ ಮಾತು ನಂಬಿದರು, ಅಷ್ಟೆ.

ಆದ್ದರಿಂದ, ‘ಗೊತ್ತಿರೋರೇ ಮಾಡಿರೋದು’ ಎಂದು ದಿನಾಂಕ 01-10-2025ರಂದು ಮಧ್ಯಾಹ್ನ 1-55ಕ್ಕೆ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮಾಡಿದವರು ಏನೂ ಗೊತ್ತಿಲ್ಲದವರು, ಒಳ್ಳೆಯದಾಗಲಿ ಎಂದು ಮಾಡಿದವರು. ಪಾಸ್‌ವರ್ಡ್ ಬದಲಾಯಿಸದೆ ಇದ್ದವಳು, ನೋಡದೆ ಬಸ್ಸು ಹತ್ತಿದವಳು, ವಿಚಾರಿಸದೆ ಒಬ್ಬರ ಹೆಸರು ಹೇಳಿದವಳು ನಾನು. ಬರೆದುಕೊಳ್ಳಲು ಒಂದು ಹೆಸರು ಬೇಕೇ ಬೇಕು ಎಂದಾದರೆ ನನ್ನದನ್ನು ಬರೆದುಕೊಳ್ಳಿ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಸುಧಾಕರ್ ಹೆಸರಿನ ಮೇಲೆ ತಮ್ಮ ಠಾಣೆಯಲ್ಲಿ ಏನೂ ಇರಬಾರದೆಂದು ಕೈಮುಗಿದು ಕೇಳುತ್ತೇನೆ.

ಇನ್ನೊಂದು ವಿಷಯ ಬಿಟ್ಟುಹೋಗಿತ್ತು, ಸೇರಿಸಿಕೊಳ್ಳಿ. ಬೆಳಿಗ್ಗೆ ನಾನು ಕೋಣೆಗೆ ಹೋದಾಗ ಮೂಗಮ್ಮಕ್ಕ ಸ್ಟೂಲಿನ ಮೇಲೆ ನಿಂತು ಆ ಕಂಡಿಗೆ ಬಿಳಿ ಪ್ಲಾಸ್ಟರ್ ಅಂಟಿಸುತ್ತಿದ್ದರು. ಅದರ ಮೇಲಿನ ಬರಹ ರಾತ್ರಿ ಮಗ ಬರೆದುಕೊಟ್ಟದ್ದಂತೆ, ಅವರಿಗೆ ಓದಲು ಬರುವುದಿಲ್ಲ. ಏನು ಬರೆದಿದ್ದಾನೆ ಓದವ್ವ ಎಂದರು. ನಾನೂ ಸ್ಟೂಲ್ ಹತ್ತಿ ಓದಿ ಹೇಳಿದೆ. ಮೇಲಿನ ಸಾಲು, ‘ಇಲ್ಲಿ ಏನನ್ನೂ ಚುಚ್ಚಬಾರದು’ ಎಂದು ಎಲ್ಲರಿಗೆ. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಅವ್ವ, ಮುಂದಿನ ವರ್ಷ ಬಾಳೆಹಣ್ಣೇ ಇಡು. ಇರುವೆ ಬಂದರೆ ಬರಲಿ.’

ಮೇಲೆ ಬರೆಸಿದ್ದನ್ನು ಮುಖ್ಯಪೇದೆ ಮರಿಯಪ್ಪನವರು ನನಗೆ ಓದಿ ಹೇಳಿದರು, ಕೇಳಿದೆ. ನಾನು ಕಂಡದ್ದು, ಮಾಡಿದ್ದು, ಆಡಿದ್ದು ಇಷ್ಟೇ. ಇದರಲ್ಲಿ ಕೂಡಿಸಿದ್ದೂ ಇಲ್ಲ, ಮುಚ್ಚಿಟ್ಟದ್ದೂ ಇಲ್ಲ.

ಸ್ಥಳ: ಗುಂಡ್ಲುಪೇಟೆ
ದಿನಾಂಕ: 04-10-2025, ಮಧ್ಯಾಹ್ನ 12-25 ಗಂಟೆ
ಸಹಿ: ಶಿವರಂಜಿನಿ ಎಂ.